ತಿಮ್ಮನ ಬಿಸಿಲು

ಮೀನು ನೋಟದಿಂದ ಮರಿಗಳನ್ನು ಸಲಹುತ್ತದೆ, ಹಕ್ಕಿ ಸ್ಪರ್ಶದಿಂದ ಸಲಹುತ್ತದೆ, ಆಮೆಯಾದರೋ ಕೇವಲ ನೆನಹಿನಿಂದಲೇ ಸಲಹುತ್ತದೆ ಎಂಬುದು ಹಿಂದಿನವರ ನಂಬಿಕೆ. ದಡದ ಮರಳಿನಲ್ಲಿ ಮೊಟ್ಟೆಗಳನ್ನು ಹುಗಿದು ನೀರಿಗಿಳಿದ ತಾಯಿ, ನಡುನೀರಿನಲ್ಲಿ ಈಜುತ್ತಲೇ ಮರಿಗಳನ್ನು ಧ್ಯಾನಿಸುತ್ತದೆಯಂತೆ. ಆ ಧ್ಯಾನದ ಬಲದಿಂದಲೇ ಮೊಟ್ಟೆ ಬಿರಿದು ಮರಿ ಬೆಳೆಯುತ್ತದೆಯಂತೆ. ಗುರುಕೃಪೆಯನ್ನು ಬಣ್ಣಿಸುವವರಿಗೆ ಈ ಉಪಮಾನ ಬಲು ಪ್ರಿಯ. ಉಪಮಾನವೇನೋ ಸುಂದರವಾಗಿಯೇ ಇದೆ. ಆದರೆ ಪ್ರಾಣಿಶಾಸ್ತ್ರಜ್ಞನನ್ನು ಕೇಳಿದರೆ ಆತ ನಿಷ್ಕರುಣೆಯಿಂದ ಬೇರೊಂದು ಮಾತನ್ನೇ ಹೇಳುತ್ತಾನೆ. ತಾಯಿ ಆಮೆ ಹಿಂಗಾಲಿನಿಂದ ಕುಳಿ ತೋಡಿ, ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಹಿಂದಿರುಗಿ ನೋಡದೆ ಹೊರಟುಹೋಗುತ್ತದೆ. ಅದರ ವಾತ್ಸಲ್ಯ ಅಲ್ಲಿಗೆ ಮುಗಿಯಿತು. ಆಮೇಲಿನದೆಲ್ಲ ಮಣ್ಣಿನ ಕೆಲಸ, ಬಿಸಿಲಿನ ಕೆಲಸ. ಮರಿ ಹೆಣ್ಣಾಗಬೇಕೋ ಗಂಡಾಗಬೇಕೋ ಎಂಬುದನ್ನು ಕೂಡ ಅನೇಕ ಆಮೆಗಳಲ್ಲಿ ನಿರ್ಧರಿಸುವುದು ಮಣ್ಣಿನ ಶಾಖವೇ. ಶಾಖ ತುಸು ಹೆಚ್ಚಾದರೆ ಹೆಣ್ಣು, ಕಡಮೆಯಾದರೆ ಗಂಡು.

ಆದುದರಿಂದ ಆಮೆಯ ಮರಿಯೊಂದನ್ನು ಮನೆಯೊಳಗೆ ಸಾಕುತ್ತೇನೆಂದು ಹೊರಟವರು ತಾಯಿಯ ಸ್ಥಾನದಲ್ಲಿ ನಿಲ್ಲುವುದಲ್ಲ, ಮಣ್ಣಿನ ಸ್ಥಾನದಲ್ಲಿಯೂ ಸೂರ್ಯನ ಸ್ಥಾನದಲ್ಲಿಯೂ ನಿಲ್ಲಬೇಕಾಗುತ್ತದೆ. ಇದು ಎಷ್ಟು ದೊಡ್ಡ ಹುದ್ದೆಯೆಂಬುದು ಇಂಗ್ಲೆಂಡಿನ ಮಧ್ಯಭಾಗದ ಊರೊಂದರಲ್ಲಿ ನೆಲಸಿದ ಮೈಸೂರಿನ ಕುಟುಂಬವೊಂದಕ್ಕೆ ಒಂದು ಚಳಿಗಾಲದಲ್ಲಿ ತಿಳಿಯಿತು.

ಮನೆಯ ಯಜಮಾನರು ಆಸ್ಪತ್ರೆಯಲ್ಲಿ ಡಾಕ್ಟರು. ಅವರ ಪತ್ನಿ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುವವರು. ಒಬ್ಬಳೇ ಮಗಳು, ಒಂಬತ್ತು ವರ್ಷದವಳು. ಆ ದೇಶದಲ್ಲಿ ಒಂಬತ್ತು ವರ್ಷದ ಮಗುವಿಗೆ ಸಾಕುಪ್ರಾಣಿಯೊಂದು ಇಲ್ಲದಿರುವುದೆಂದರೆ, ನಮ್ಮಲ್ಲಿ ಯುಗಾದಿಗೆ ಹೊಸ ಬಟ್ಟೆ ಇಲ್ಲದಿದ್ದಂತೆ. ನಾಯಿ ಬೇಕೆಂದಳು, ಹಗಲೆಲ್ಲ ಮನೆಗೆ ಬೀಗ, ನಾಯಿಯ ಗತಿಯೇನು? ಬೆಕ್ಕು ಬೇಕೆಂದಳು, ತಾಯಿಗೆ ಬೆಕ್ಕಿನ ಕೂದಲೆಂದರೆ ಸೀನು. ಕೊನೆಗೆ ಪಕ್ಕದ ಮನೆಯ ವೃದ್ಧ ಆಂಗ್ಲ ಸದ್ಗೃಹಸ್ಥರ ತೋಟದಲ್ಲಿ ಆಗತಾನೆ ಒಡೆದ ಮೊಟ್ಟೆಯಿಂದ ಬಂದ ನೆಲದಾಮೆಯ ಮರಿ ಎಲ್ಲರಿಗೂ ಸಮ್ಮತವಾಯಿತು. ಬೊಗಳದು, ಪರಚದು, ಬೀದಿಗೆ ಓಡದು, ಸೋಫಾ ಹರಿಯದು; ಇದಕ್ಕಿಂತ ಸುಲಭದ ಪ್ರಾಣಿ ಉಂಟೆ? ಸುಲಭವೆಂಬ ಈ ಮಾತಿನಿಂದಲೇ ಲೋಕದಲ್ಲಿ ಎಷ್ಟು ಆಮೆಗಳು ಸತ್ತಿವೆಯೋ!

ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಜ್ಜನವರ ಮುಂದೆ ಸೊಸೆ ಒಂದು ಸಂದೇಹವನ್ನು ಮೆಲ್ಲನೆ ಮುಂದಿಟ್ಟಳು: ಆಮೆ ಹೊಕ್ಕ ಮನೆ ಉದ್ಧಾರವಾಗುವುದಿಲ್ಲ ಎನ್ನುತ್ತಾರಲ್ಲ? ಅಜ್ಜನವರು ಹೈಸ್ಕೂಲಿನಲ್ಲಿ ಭೌತವಿಜ್ಞಾನವನ್ನು ಬೋಧಿಸಿ ನಿವೃತ್ತರಾದವರು. "ಮಂದರಪರ್ವತವನ್ನೇ ಬೆನ್ನ ಮೇಲೆ ಹೊತ್ತ ದೇವರು ಈ ಬಾಡಿಗೆಯ ಮನೆಯನ್ನು ಹಾಳುಮಾಡಲು ಬರುತ್ತಾನೆಯೆ?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಮರಿಯನ್ನು ಒಪ್ಪಿಸುವ ಮುನ್ನ ವೃದ್ಧರು ಡಾಕ್ಟರನ್ನು ಒಂದೇ ಒಂದು ಪ್ರಶ್ನೆ ಕೇಳಿದರು: "ನಿಮ್ಮ ತರುವಾಯ ಇದು ಯಾರ ಪಾಲಿಗೆ?" ಡಾಕ್ಟರು ವಿನೋದವೆಂದು ನಕ್ಕರು. ವೃದ್ಧರು ನಗಲಿಲ್ಲ. ಅವರಿಗೆ ಎಪ್ಪತ್ತೆಂಟು ವರ್ಷ. ತಮ್ಮ ತೋಟದ ದೊಡ್ಡ ಆಮೆಗಳನ್ನು ಸೋದರಸೊಸೆಯ ಹೆಸರಿಗೆ ಉಯಿಲಿನಲ್ಲಿ ಬರೆದಿಟ್ಟಿದ್ದರು. ಹರ್ಮನ್ನನ ಆಮೆಯೆಂದು ಹೆಸರಾದ ಈ ಜಾತಿಯ ತವರು ದಕ್ಷಿಣ ಯೂರೋಪು: ಸ್ಪೇನ್, ಇಟಲಿ, ಗ್ರೀಸ್ ಮುಂತಾದ ದೇಶಗಳ ಒಣ ಗುಡ್ಡಗಳು, ಕುರುಚಲು ಪೊದೆಗಳು. ಸರಿಯಾಗಿ ಸಾಕಿದರೆ ಐವತ್ತು ವರ್ಷಕ್ಕೆ ಮೋಸವಿಲ್ಲ. ಅದಕ್ಕೂ ಮೀರಿ ಬಾಳಿದವು ಬೇಕಾದಷ್ಟಿವೆ.

ಇಂಗ್ಲೆಂಡಿನ ಸಾಹಿತ್ಯದಲ್ಲಿ ಹೀಗೆ ಪಿತ್ರಾರ್ಜಿತವಾಗಿ ಬಂದ ಆಮೆಯೊಂದು ಅಮರವಾಗಿದೆ. ಸೆಲ್ಬರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟನಿಗೆ ಸಸೆಕ್ಸ್ ಪ್ರಾಂತದಲ್ಲಿದ್ದ ಅವನ ಅತ್ತೆಯ ಮರಣಾನಂತರ, 1780ರಲ್ಲಿ, ಆಕೆಯ ಮುದ್ದಿನ ಆಮೆ ಪ್ರಾಪ್ತವಾಯಿತು. ಮಣ್ಣಿನೊಳಗೆ ಚಳಿನಿದ್ರೆಯಲ್ಲಿದ್ದುದನ್ನು ಅಗೆದು ತೆಗೆದು, ಪೆಟ್ಟಿಗೆಯಲ್ಲಿಟ್ಟು, ಎಂಬತ್ತು ಮೈಲಿ ಕುದುರೆಗಾಡಿಯಲ್ಲಿ ತಂದ. ಅದರ ಹೆಸರು ತಿಮೊಥಿ. ತುತ್ತೂರಿಯಂಥ ಕೊಳವೆಯಲ್ಲಿ ಅದರ ಬಳಿ ಕೂಗಿ ಅದಕ್ಕೆ ಕೇಳಿಸುವುದೇ ಎಂದು ಪರೀಕ್ಷಿಸಿದ. ಒಂದು ಹನಿ ಮಳೆಗೂ ಅದು ಓಡಿ ಅವಿತುಕೊಳ್ಳುವುದನ್ನು ಕಂಡು ಬೆರಗಾದ. ಶರತ್ಕಾಲದ ಎಳೆಬಿಸಿಲಿನಲ್ಲಿ ಅದು ಹಣ್ಣಿನ ತೋಟದ ಗೋಡೆಗೆ ತನ್ನ ಚಿಪ್ಪನ್ನು ಓರೆಯಾಗಿ ಆನಿಸಿ, ಇದ್ದಷ್ಟು ಕಿರಣಗಳನ್ನೂ ಮೈಮೇಲೆ ಬೀಳಿಸಿಕೊಳ್ಳುವುದನ್ನು ಗಮನಿಸಿ ಬರೆದಿಟ್ಟ. ಅವನ ಗ್ರಂಥ ಅಚ್ಚಾದುದು 1789ರಲ್ಲಿ. ಒಡೆಯನು 1793ರಲ್ಲಿ ತೀರಿಕೊಂಡ ಮರುವರ್ಷ ತಿಮೊಥಿಯೂ ತೀರಿಕೊಂಡಿತು. ಅದರ ಚಿಪ್ಪು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ಪರೀಕ್ಷಿಸಿ ನೋಡಿದ ಮೇಲೆ ತಿಳಿದುದೇನೆಂದರೆ ತಿಮೊಥಿ ಗಂಡಲ್ಲ, ಹೆಣ್ಣು!

ಈ ಕಥೆಯನ್ನು ಪಕ್ಕದ ಮನೆಯ ವೃದ್ಧರಿಂದ ಕೇಳಿಬಂದ ಹುಡುಗಿ ತನ್ನ ಮರಿಗೂ ತಿಮೊಥಿ ಎಂದೇ ನಾಮಕರಣ ಮಾಡಿದಳು. ಅಜ್ಜನವರ ನಾಲಿಗೆಯಲ್ಲಿ ಅದು ಒಂದೇ ದಿನದಲ್ಲಿ ತಿಮ್ಮನಾಯಿತು. ಎಳೆಯ ಮರಿಯ ಲಿಂಗ ಕೆಲವು ವರ್ಷಗಳ ತನಕ ತಿಳಿಯುವುದಿಲ್ಲವೆಂದು ಗೊತ್ತಾದಾಗ, "ಚಿಂತೆಯಿಲ್ಲ, ಮುಂದೆ ಬೇಕಾದರೆ ತಿಮ್ಮಕ್ಕ ಎಂದರಾಯಿತು" ಎಂದರು.

ಬಂದಾಗ ತಿಮ್ಮ ಅಕ್ರೋಡಿನ ಗಾತ್ರ. ತೂಕ ಹದಿನೆಂಟು ಗ್ರಾಂ. ಅವನಿಗಾಗಿ ಡಾಕ್ಟರು ಮೊದಲೇ ಅಂಗಡಿಯೊಂದರಿಂದ ಗಾಜಿನ ತೊಟ್ಟಿಯನ್ನು ತಂದಿಟ್ಟಿದ್ದರು. ಎಲ್ಲವೂ ಒಳಗೊಂಡ ಪರಿಪೂರ್ಣ ಗೃಹವೆಂದು ಅದರ ಮೇಲೆ ಅಚ್ಚಾಗಿತ್ತು. ನಡುವೆ ಒಂದು ಸಾಮಾನ್ಯ ದೀಪ, ತಳದಲ್ಲಿ ಹಾಸಲು ಕಾಗದ, ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಒಂದು ತಾಳೆಮರ. ವೃದ್ಧರು ಬರೆದುಕೊಟ್ಟಿದ್ದ ಎರಡು ಪುಟದ ಸೂಚನೆ ಮೇಜಿನ ಸೆಳೆಖಾನೆ ಸೇರಿತು. ತಿಮ್ಮ ಆ ಗಾಜಿನ ಅರಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಗೋಡೆಗೆ ಮೂಗು ಒತ್ತಿ ನಡೆಯುತ್ತಿದ್ದ. ಗೋಡೆ ಎಂಬುದು ಕಣ್ಣಿಗೆ ಕಾಣಬೇಕು. ಕಾಣದ ಗೋಡೆಯ ಆಚೆಗೆ ಲೋಕ ಕಾಣುತ್ತಿದ್ದರೆ ಆಮೆ ಅದನ್ನು ದಾರಿಯೆಂದೇ ತಿಳಿದು ನಡೆಯುತ್ತಲೇ ಇರುತ್ತದೆ. ನೋಡಿದವರು "ಎಷ್ಟು ಚುರುಕು!" ಎಂದು ಮೆಚ್ಚಿದರು. ಮೂರನೆಯ ವಾರದಲ್ಲಿ ಚುರುಕು ನಿಂತಿತು. ತಿಮ್ಮ ಎಲೆಯನ್ನು ಮುಟ್ಟಲಿಲ್ಲ; ಕಣ್ಣು ತೆರೆಯಲಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ ಹದಿನಾರು ಗ್ರಾಂ.

ಎರಡು ಗ್ರಾಂ! ಒಂದು ಚಿಟಿಕೆ ಉಪ್ಪಿಗಿಂತ ಸ್ವಲ್ಪ ಹೆಚ್ಚು. ಆದರೆ ಹದಿನೆಂಟರಲ್ಲಿ ಎರಡೆಂದರೆ ಒಂಬತ್ತರಲ್ಲಿ ಒಂದು ಪಾಲು ಎಂದು ಅಜ್ಜನವರು ಲೆಕ್ಕ ಹೇಳಿದಾಗ ಡಾಕ್ಟರ ಮುಖ ಬಿಳಿಚಿತು. ಅವರ ರೋಗಿಯೊಬ್ಬನ ಮೈಯಿಂದ ಮೂರು ವಾರದಲ್ಲಿ ಒಂಬತ್ತನೆಯ ಒಂದು ಪಾಲು ಇಳಿದುಹೋಗಿದ್ದರೆ ಅವರು ಆ ರಾತ್ರಿ ಮನೆಗೆ ಬರುತ್ತಿರಲಿಲ್ಲ. ಪಶುವೈದ್ಯರಲ್ಲಿಗೆ ಓಡಿದರು. ಆತ ತಿಮ್ಮನನ್ನು ತಿರುಗಿಸಿ ಮುರುಗಿಸಿ ನೋಡಿ, ರೋಗವೇನೂ ಇಲ್ಲ, ಇರುವುದು ಚಳಿ, ಬಾಯಾರಿಕೆ ಮತ್ತು ಕತ್ತಲೆ ಎಂದ. ಹುಡುಗಿಗೆ ಅರ್ಥವಾಗಲಿಲ್ಲ. ತೊಟ್ಟಿಯಲ್ಲಿ ಹಗಲೂ ರಾತ್ರಿ ದೀಪವಿತ್ತಲ್ಲ, ಕತ್ತಲೆ ಎಲ್ಲಿಂದ ಬಂತು?

ಸೆಳೆಖಾನೆಯ ಕಾಗದ ಹೊರಬಂದಿತು. ಅದನ್ನು ಅಜ್ಜನವರು ಮೊದಲು ಓದಿದರು, ಆಮೇಲೆ ಪರೀಕ್ಷೆಯ ಪ್ರಶ್ನಪತ್ರಿಕೆಯಂತೆ ಗೆರೆಯೆಳೆದು ಎರಡನೆಯ ಸಲ ಓದಿದರು. ಉಷ್ಣಮಾಪಕವನ್ನು ತರಿಸಿ ತೊಟ್ಟಿಯ ನಾಲ್ಕು ಮೂಲೆಗಳಲ್ಲೂ ನಡುವೆಯೂ ಇಟ್ಟು ಬರೆದುಕೊಂಡರು. ಎಲ್ಲ ಕಡೆಯೂ ಇಪ್ಪತ್ತನಾಲ್ಕು ಡಿಗ್ರಿ. ಮನುಷ್ಯರಿಗೆ ಅದು ಹಿತವಾದ ಶಾಖ. ಅದೇ ತೊಡಕು ಎಂದರು ಅಜ್ಜನವರು. ಮನುಷ್ಯನ ಒಲೆ ಅವನ ಒಡಲಿನಲ್ಲಿಯೇ ಉರಿಯುತ್ತದೆ. ಆಮೆಯ ಒಲೆ ಹೊರಗಿದೆ. ಅದು ಬಿಸಿಲಿಗೆ ನಡೆದುಹೋಗಿ ಮೈ ಕಾಯಿಸಿಕೊಳ್ಳುತ್ತದೆ, ಕಾದ ಮೇಲೆ ನೆರಳಿಗೆ ನಡೆದುಬಂದು ಆರಿಸಿಕೊಳ್ಳುತ್ತದೆ. ತಿಂದ ಎಲೆ ಜೀರ್ಣವಾಗುವುದಕ್ಕೂ ಬಿಸಿಲೇ ಬೇಕು. ದಿನವೊಂದಕ್ಕೆ ಹತ್ತಾರು ಬಾರಿ ಅದು ಹೀಗೆ ಬಿಸಿಲು ನೆರಳುಗಳ ನಡುವೆ ವ್ಯಾಪಾರ ನಡೆಸುತ್ತಿರುತ್ತದೆ. ಎಲ್ಲ ಕಡೆಯೂ ಒಂದೇ ಹದವಿರುವ ಪೆಟ್ಟಿಗೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ಒಳ್ಳೆಯ ಪೆಟ್ಟಿಗೆಯೆಂದರೆ ಆಯ್ಕೆಗೆ ಅವಕಾಶವಿರುವ ಪೆಟ್ಟಿಗೆ. ಒಂದು ತುದಿ ಗ್ರೀಸ್ ದೇಶದ ಮಧ್ಯಾಹ್ನ, ಇನ್ನೊಂದು ತುದಿ ಪೊದೆಯ ಬುಡದ ತಂಪು. ನಡುವಿನ ದೂರವನ್ನು ಅಳೆಯುವ ಅಧಿಕಾರ ಆಮೆಯದು.

ಮನೆಯ ಗೋಡೆಗೊರಗಿದ್ದ ಹಳೆಯ ಪುಸ್ತಕದ ಕಪಾಟಿನ ಮೇಲೆ ಅಜ್ಜನವರ ಕಣ್ಣು ಬಿತ್ತು. ಐದು ಅಡಿ ಎತ್ತರ, ಎರಡೂವರೆ ಅಡಿ ಅಗಲ, ಒಂದು ಅಡಿ ಆಳ. ಅದನ್ನು ಬೆನ್ನಿನ ಮೇಲೆ ಮಲಗಿಸಿದರೆ ಒಂದಡಿ ಎತ್ತರದ ಮರದ ಗೋಡೆಗಳುಳ್ಳ, ಮೇಲೆ ತೆರೆದ, ಅಂದವಾದ ಅಂಗಳ! ಸೊಸೆ ಊರಿನಿಂದ ಹೊತ್ತು ತಂದಿದ್ದ ಕನ್ನಡ ಕಾದಂಬರಿಗಳೆಲ್ಲ ನೆಲಕ್ಕಿಳಿದುವು. "ಮೂವತ್ತು ಕೆಜಿ ತೂಕಕ್ಕೆ ವಿಮಾನದವರಿಗೆ ದಂಡ ತೆತ್ತು ತಂದ ಪುಸ್ತಕಗಳು ಹದಿನಾರು ಗ್ರಾಮಿನವನಿಗೆ ಜಾಗ ಬಿಡಬೇಕೆ?" ಎಂದು ಆಕೆ ಕೇಳಿದುದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಡುವಿನ ಹಲಗೆಗಳಲ್ಲಿ ಎರಡನ್ನು ತೆಗೆದು, ಒಂದರಲ್ಲಿ ಬಾಗಿಲು ಕೊರೆದು ಬಿಟ್ಟುದಾಯಿತು. ಅದರಾಚೆಗೆ ತಿಮ್ಮನ ಶಯನಗೃಹ. ತೇವಕ್ಕೆ ಮರ ಕೆಡದಂತೆ ಒಳಗೆಲ್ಲ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿದರು.

ಮಣ್ಣಿನ ಮಾತು ಬಂದಾಗ ಅಜ್ಜನವರಿಗೆ ಒಂದು ಸಂತೋಷ ಕಾದಿತ್ತು. ಗೊಬ್ಬರ ಬೆರೆಸದ ತೋಟದ ಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನು ಸೇರಿಸಬೇಕೆಂದು ಸೂಚನೆ. ಇಟ್ಟಿಗೆಯಂತೆ ಒತ್ತಿದ ಆ ನಾರು ಅಂಗಡಿಯಿಂದ ಬಂದಾಗ ಅದರ ಹೊದಿಕೆಯ ಮೇಲೆ 'ಭಾರತ' ಎಂದಿತ್ತು. ನಮ್ಮ ಕಡೆಯ ತೆಂಗಿನ ಸಿಪ್ಪೆ ಏಳು ಸಮುದ್ರ ದಾಟಿ ಇಟಲಿಯ ಆಮೆಗೆ ಇಂಗ್ಲೆಂಡಿನಲ್ಲಿ ಹಾಸಿಗೆಯಾಗುವುದೆಂದರೆ! ಬಕೆಟ್ಟಿನ ನೀರಿನಲ್ಲಿ ಅದು ಉಬ್ಬಿ ಅರಳುವುದನ್ನು ಅಜ್ಜನೂ ಮೊಮ್ಮಗಳೂ ಅರ್ಧ ಗಂಟೆ ಕುಳಿತು ನೋಡಿದರು. ಬಿಸಿಲಿನ ತುದಿಯಲ್ಲಿ ಎರಡು ಅಂಗುಲ, ಶಯನಗೃಹದಲ್ಲಿ ನಾಲ್ಕು ಅಂಗುಲ ಮಣ್ಣು ಬಿತ್ತು. ಮರಿ ಆಮೆ ರಾತ್ರಿ ತನ್ನನ್ನು ತಾನೇ ಹೂತುಕೊಂಡು ಮಲಗುವ ಪ್ರಾಣಿ. ಕಾಗದದ ಹಾಸಿನಲ್ಲಿ ಅದು ಹೂತುಕೊಳ್ಳುವುದು ಹೇಗೆ?

ಈ ಮಣ್ಣಿನ ತೇವದ ವಿಚಾರವೊಂದು ಇದೆ. ಬಹುಕಾಲ ಸಾಕುವವರೆಲ್ಲರೂ, ಆಮೆ ಒಣಭೂಮಿಯ ಪ್ರಾಣಿ, ಆದುದರಿಂದ ಒಣಗಿಸಿಯೇ ಇಡಬೇಕು ಎಂದು ತಿಳಿದಿದ್ದರು. ಹಾಗೆ ಬೆಳೆದ ಮರಿಗಳ ಚಿಪ್ಪಿನ ಒಂದೊಂದು ಬಿಲ್ಲೆಯೂ ದೇವಸ್ಥಾನದ ಗೋಪುರದಂತೆ ಮೇಲೆದ್ದು ವಿಕಾರವಾಗುತ್ತಿತ್ತು. ಅತಿಯಾದ ಪೌಷ್ಟಿಕ ಆಹಾರವೇ ಕಾರಣವೆಂದು ದೂರುತ್ತಿದ್ದರು. 2003ರಲ್ಲಿ ವಿಯೆನ್ನಾದ ಇಬ್ಬರು ಸಂಶೋಧಕಿಯರು ಆಫ್ರಿಕದ ಜಾತಿಯೊಂದರ ಮರಿಗಳನ್ನು ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಆಹಾರದಲ್ಲಿ ಬೆಳೆಸಿ ನೋಡಿ, ಗೋಪುರಕ್ಕೆ ಮುಖ್ಯ ಕಾರಣ ಆಹಾರವಲ್ಲ, ಗಾಳಿಯ ಶುಷ್ಕತೆ ಎಂದು ಪ್ರಕಟಿಸಿದರು. ಯೋಚಿಸಿದರೆ ಸಹಜವೇ. ದೊಡ್ಡ ಆಮೆ ಬಂಡೆಯ ಮೇಲೆ ಕಾಣಿಸಿಕೊಂಡೀತು. ಮರಿ ಮಾತ್ರ ಹಕ್ಕಿಗೆ ಹೆದರಿ ಹುಲ್ಲಿನ ಬುಡದಲ್ಲಿ, ತರಗೆಲೆಯ ಅಡಿಯಲ್ಲಿ, ಒದ್ದೆ ಮಣ್ಣಿನಲ್ಲಿ ದಿನ ಕಳೆಯುತ್ತದೆ. ಆದರೆ ಚಳಿಯ ಜೊತೆಗೆ ತೇವ ಸೇರಿದರೆ ಮೂಗು ಸೋರಿ ಎದೆಯ ರೋಗ ಬರುತ್ತದೆ. ಬೆಚ್ಚಗಿನ ತೇವ ಬೇಕು. ಅದಕ್ಕಾಗಿ ಶಯನಗೃಹದ ಮೇಲೆ ಒಂದು ಹಲಗೆ ಮುಚ್ಚಿ, ಒಳಗೆ ಒದ್ದೆ ಪಾಚಿಯನ್ನು ಹರಡಿ, ಮೂಲೆಗಳಲ್ಲಿ ನೀರು ಹೊಯ್ದು ಮಣ್ಣಿನ ತಳ ಹಸಿಯಾಗಿಯೂ ಮೇಲ್ಮೈ ಒಣಗಿಯೂ ಇರುವಂತೆ ನೋಡಿಕೊಂಡರು. ಬಿತ್ತನೆಯ ಹದ ಎಂದರು ಅಜ್ಜನವರು.

ಇನ್ನು ಸೂರ್ಯ. ಇಲ್ಲಿ ಡಾಕ್ಟರು ಎಚ್ಚತ್ತರು. ಏಕೆಂದರೆ ಇದು ಅವರಿಗೆ ಗೊತ್ತಿದ್ದ ಪಾಠ. ಚಿಪ್ಪು ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಸುಣ್ಣ ಮೈಗೆ ಹತ್ತಲು ಡಿ ಜೀವಸತ್ತ್ವ ಬೇಕು. ಡಿ ಜೀವಸತ್ತ್ವ ಚರ್ಮದಲ್ಲಿ ಹುಟ್ಟಲು ಬಿಸಿಲಿನ ಅತಿನೇರಳೆ ಕಿರಣ ಬೇಕು. ಹಿಂದೆ ಯೂರೋಪಿನ ಹೊಗೆ ಕವಿದ ನಗರಗಳಲ್ಲಿ ಸಾವಿರಾರು ಮಕ್ಕಳ ಕಾಲುಮೂಳೆ ಬಿಲ್ಲಿನಂತೆ ಬಾಗುತ್ತಿತ್ತು. ಮೊದಲನೆಯ ಮಹಾಯುದ್ಧ ಮುಗಿದ ಚಳಿಗಾಲದಲ್ಲಿ ಬರ್ಲಿನ್ನಿನ ಮಕ್ಕಳ ವೈದ್ಯ ಕುರ್ಟ್ ಹುಲ್ಡ್‌ಷಿನ್‌ಸ್ಕಿ ಅಂಥ ಮಕ್ಕಳನ್ನು ಅತಿನೇರಳೆ ಕಿರಣ ಬೀರುವ ದೀಪದ ಮುಂದೆ ಕೂರಿಸಿ ಗುಣಪಡಿಸಿ, 1919ರಲ್ಲಿ ಆ ವಿಷಯವನ್ನು ಪ್ರಕಟಿಸಿದ. ಕಂದುಬಣ್ಣದ ಚರ್ಮದವರಿಗೆ ಇಂಗ್ಲೆಂಡಿನ ಬಿಸಿಲು ಸಾಲದು, ವರ್ಷವೆಲ್ಲ ಡಿ ಜೀವಸತ್ತ್ವ ಸೇವಿಸುವುದು ಲೇಸೆಂದು ಅಲ್ಲಿನ ಆರೋಗ್ಯ ಇಲಾಖೆಯ ಸಲಹೆಯೇ ಇದೆ. ಡಾಕ್ಟರು ಸ್ವತಃ ಪ್ರತಿದಿನ ಬೆಳಗ್ಗೆ ಕಾಫಿಗೆ ಮುಂಚೆ ಆ ಗುಳಿಗೆಯನ್ನು ನುಂಗುವವರು, ಮಗಳಿಗೂ ನುಂಗಿಸುವವರು. ಬಿಸಿಲಿನ ನಾಡಿನಿಂದ ಬಂದ ನಾಲ್ಕನೆಯ ಪ್ರಾಣಿಯೊಂದು ಅದೇ ಮನೆಯಲ್ಲಿ ಅದೇ ಕೊರತೆಯಿಂದ ಕಣ್ಣುಮುಚ್ಚಿ ಮಲಗಿದ್ದುದು ಅವರಿಗೆ ಹೊಳೆದಿರಲಿಲ್ಲ. ಪಶುವೈದ್ಯ ಕತ್ತಲೆಯೆಂದುದು ಈ ಕತ್ತಲೆಯನ್ನು. ಸಾಮಾನ್ಯ ದೀಪದಲ್ಲಿ ಬೆಳಕುಂಟು, ಆ ಕಿರಣವಿಲ್ಲ. ಕಿಟಕಿಯ ಬಿಸಿಲಿನಲ್ಲಿ ಶಾಖವುಂಟು, ಆ ಕಿರಣವನ್ನು ಗಾಜು ತಡೆದುಬಿಡುತ್ತದೆ.

ಎರಡು ದೀಪಗಳು ಬಂದುವು. ಒಂದು ಶಾಖದ ದೀಪ. ಅದನ್ನು ಕಪಾಟಿನ ಒಂದು ತುದಿಯಲ್ಲಿ ಸರಪಳಿಯಿಂದ ನೇರವಾಗಿ ತೂಗುಬಿಟ್ಟರು. ಕೆಳಗೆ ಚಪ್ಪಟೆಯ ಕಪ್ಪು ಕಲ್ಲು. ತಿಮ್ಮನ ಬೆನ್ನಿನ ಎತ್ತರದಲ್ಲಿ ಉಷ್ಣಮಾಪಕ ಮೂವತ್ತೆರಡರಿಂದ ಮೂವತ್ತೈದು ಡಿಗ್ರಿ ತೋರುವತನಕ ಅಜ್ಜನವರು ಸರಪಳಿಯ ಒಂದೊಂದು ಕೊಂಡಿಯನ್ನೂ ಏರಿಸಿ ಇಳಿಸಿದರು. ಎದುರು ತುದಿಯಲ್ಲಿ ಇಪ್ಪತ್ತು ಇಪ್ಪತ್ತೆರಡು. ಇನ್ನೊಂದು ಅತಿನೇರಳೆ ಕಿರಣದ ಉದ್ದ ಕೊಳವೆ. ಈ ಕೊಳವೆಯ ಗುಣವೊಂದು ಮೋಸದ್ದು: ಕಣ್ಣಿಗೆ ಬೆಳಕು ಚೆನ್ನಾಗಿಯೇ ಕಾಣುತ್ತಿರುವಾಗಲೇ ಒಳಗಿನ ಕಿರಣ ಸೊರಗುತ್ತ ಹೋಗುತ್ತದೆ, ಅದಕ್ಕಾಗಿ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಬೆಳಗ್ಗೆ ಏಳಕ್ಕೆ ತಾನಾಗಿ ಹೊತ್ತಿ ಸಂಜೆ ಏಳಕ್ಕೆ ತಾನಾಗಿ ಆರುವ ಏರ್ಪಾಡಾಯಿತು. ರಾತ್ರಿ ಪೂರ್ಣ ಕತ್ತಲೆ. ಸೂರ್ಯನೂ ರಾತ್ರಿ ಮುಳುಗುತ್ತಾನಲ್ಲವೆ? ಬೆಂಕಿಯ ಭಯಕ್ಕೆ ದೀಪದ ಸುತ್ತ ತಂತಿಯ ಪಂಜರ. ಮರಿ ಮಗುಚಿಬಿದ್ದರೆ ಹಿಡಿದು ಹೊರಳಲು ಆಸರೆಯಿರಲೆಂದು ಕಲ್ಲಿನ ಸುತ್ತ ಮಣ್ಣನ್ನು ಸಮಮಾಡಿದರು. ಶಾಖದ ದೀಪದಡಿಯಲ್ಲಿ ಬೆನ್ನಡಿಯಾಗಿ ಬಿದ್ದ ಮರಿ ಕೆಲವು ಗಂಟೆಗಳಲ್ಲಿ ಸಾಯಬಹುದು.

ಮೊದಲ ದಿನ ತಿಮ್ಮ ಇಟ್ಟ ಕಡೆಯೇ ಇದ್ದ. ಬೆಚ್ಚಗಿನ ನೀರನ್ನು ತಟ್ಟೆಯಲ್ಲಿ ಅವನ ಗದ್ದದ ಮಟ್ಟಕ್ಕೆ ಹೊಯ್ದು ಹದಿನೈದು ನಿಮಿಷ ನೆನೆಸಬೇಕೆಂದಿತ್ತು. ಈ ಅಭ್ಯಂಜನವನ್ನು ಹುಡುಗಿಯ ತಾಯಿಯೇ ವಹಿಸಿಕೊಂಡಳು. ಮೊಣಕೈಯಿಂದ ನೀರಿನ ಹದ ನೋಡಿ ಮಗುವನ್ನು ಎರೆದವಳಲ್ಲವೆ? ಎರಡನೆಯ ದಿನ ತಟ್ಟೆಯಲ್ಲಿ ತಲೆ ತಗ್ಗಿತು. ಕತ್ತು ಮೆಲ್ಲಗೆ ಮಿಡಿಯುತ್ತಿತ್ತು. ಕುಡಿಯುತ್ತಿದ್ದ! ಒಂದು ಗುಟುಕು, ಮತ್ತೊಂದು ಗುಟುಕು. ನಾಲ್ವರು ದೊಡ್ಡ ಮನುಷ್ಯರು ಉಸಿರು ಬಿಗಿಹಿಡಿದು ತಟ್ಟೆಯ ಸುತ್ತ ಬಾಗಿದ್ದರು. ಐದನೆಯ ಬೆಳಗ್ಗೆ ದೀಪ ಹೊತ್ತಿದ ಹತ್ತು ನಿಮಿಷಕ್ಕೆ ಶಯನಗೃಹದ ಬಾಗಿಲಿನಲ್ಲಿ ಮಣ್ಣು ಅಲುಗಿತು. ತಿಮ್ಮ ಹೊರಗೆ ಬಂದ; ನಿಂತ; ಕಣ್ಣು ತೆರೆದಿತ್ತು. ಮೂರಡಿಯ ದಾರಿಯನ್ನು ಎರಡು ವಿಶ್ರಾಂತಿಗಳೊಡನೆ ಕ್ರಮಿಸಿ, ಕರಿಕಲ್ಲನ್ನೇರಿ, ನಾಲ್ಕು ಕಾಲುಗಳನ್ನೂ ಚಾಚಿ ಮಲಗಿದ. ಕೂರ್ಮವು ಅಂಗಗಳನ್ನು ಒಳಗೆಳೆದುಕೊಳ್ಳುವಂತೆ ಇಂದ್ರಿಯಗಳನ್ನು ಎಳೆದುಕೊಳ್ಳಬೇಕೆಂದು ಗೀತೆ ಹೇಳುತ್ತದಷ್ಟೆ. ಆದರೆ ಆ ಬೆಳಗ್ಗೆ ಆ ಮನೆಯಲ್ಲಿ ಎಲ್ಲರೂ ಕಾದು ಕುಳಿತದ್ದು ಕೂರ್ಮ ಕಾಲು ಚಾಚುವುದನ್ನೇ.

ಊಟದ ವಿಷಯದಲ್ಲಿ ಒಂದು ತಮಾಷೆ ನಡೆಯಿತು. ವೃದ್ಧರ ಪಟ್ಟಿಯಲ್ಲಿ 'ಪ್ಲಾಂಟೇನ್ ಎಲೆ' ಎಂದಿತ್ತು. ಇಂಗ್ಲೆಂಡಿನ ಈ ಕೊರೆಯುವ ಚಳಿಯಲ್ಲಿ ಬಾಳೆಎಲೆಯನ್ನು ಎಲ್ಲಿಂದ ತರುವುದೆಂದು ಅಜ್ಜನವರು ಚಿಂತಾಕ್ರಾಂತರಾದರು. ಆಮೆಗೂ ಬಾಳೆಎಲೆಯ ಊಟವೆ! ಅದೇ ಹೆಸರಿನ ಸಾಮಾನ್ಯ ಕಳೆಯೊಂದು ಕಾಲುದಾರಿಯ ಅಂಚಿನಲ್ಲೆಲ್ಲ ಬೆಳೆಯುತ್ತದೆಂದು ಮೊಮ್ಮಗಳು ತೋರಿಸಿಕೊಟ್ಟಳು. ಡ್ಯಾಂಡೆಲಿಯನ್ ಎಂಬ ಹಳದಿ ಹೂವಿನ ಕಳೆ, ಪ್ಲಾಂಟೇನ್, ಕ್ಲೋವರ್: ತೋಟಗಾರರು ಶಪಿಸಿ ಕಿತ್ತೆಸೆಯುವುದೆಲ್ಲ ಆಮೆಗೆ ಮೃಷ್ಟಾನ್ನ. ಕಳೆನಾಶಕ ಸಿಂಪಡಿಸದ ಜಾಗದಿಂದಲೇ ಕೀಳಬೇಕು. ಹಣ್ಣು ಈ ಜಾತಿಗೆ ಸಲ್ಲದು. ಬ್ರೆಡ್ಡು ಹಾಲು ಸರ್ವಥಾ ಸಲ್ಲದು. ಎಲೆಯ ಮೇಲೆ ಸುಣ್ಣದ ಪುಡಿಯ ಒಂದು ಉದುರು, ಕಚ್ಚಲು ಕಡಲಜೀವಿಯೊಂದರ ಬಿಳಿಯ ಎಲುಬು, ಮುಳುಗದಷ್ಟು ಆಳದ ನೀರಿನ ಬಟ್ಟಲು. ಇಷ್ಟೇ. ಬಡತನದಲ್ಲಿ ಬೆಳೆದವರಿಗೆ ಆಮೆಯ ಆಹಾರ ಅರ್ಥವಾದಷ್ಟು ಅಂಗಡಿಯವರಿಗೆ ಅರ್ಥವಾಗುವುದಿಲ್ಲ.

ದೊಡ್ಡ ಮಾತಿನ ಯುದ್ಧ ನಡೆದದ್ದು ಡಿಸೆಂಬರಿನಲ್ಲಿ. ಈ ಜಾತಿ ಚಳಿಗಾಲವನ್ನು ನಿದ್ರೆಯಲ್ಲಿ ಕಳೆಯುವಂಥದು. ಆರೋಗ್ಯವಾದ ಮರಿಗಳನ್ನು ಕೆಲವು ವಾರ ಐದು ಡಿಗ್ರಿಯ ಆಸುಪಾಸಿನಲ್ಲಿ ಮಲಗಿಸುವುದುಂಟು. ಆ ಸ್ಥಿರವಾದ ಶೈತ್ಯ ಸಿಗುವ ಜಾಗ ಮನೆಯಲ್ಲಿ ರೆಫ್ರಿಜರೇಟರೇ. ಪಕ್ಕದ ವೃದ್ಧರು ಅದಕ್ಕಾಗಿಯೇ ಪ್ರತ್ಯೇಕ ರೆಫ್ರಿಜರೇಟರು ಇಟ್ಟಿದ್ದಾರೆ. "ದೋಸೆಯ ಹಿಟ್ಟಿನ ಪಕ್ಕದಲ್ಲಿ ಆಮೆಯೆ?" ಎಂದಳು ಗೃಹಿಣಿ. ಅವಳ ಆಕ್ಷೇಪಕ್ಕಿಂತ ಪಶುವೈದ್ಯನ ಮಾತು ಪ್ರಬಲವಾಯಿತು. ಒಮ್ಮೆ ಸೊರಗಿದ ಮರಿಗೆ ಮೊದಲ ಚಳಿಗಾಲದಲ್ಲಿ ನಿದ್ರೆ ಬೇಡವೆಂದ. ತಿಮ್ಮ ಎಚ್ಚರವಾಗಿಯೇ ಉಳಿದ.

ವೃದ್ಧರು ಸಂಜೆಗಳಲ್ಲಿ ಬಂದು ಕುಳಿತು ಹಳೆಯ ಕಥೆ ಹೇಳುತ್ತಿದ್ದರು. ಅವರ ಬಾಲ್ಯದಲ್ಲಿ ಮೊರಾಕೊ, ತುರ್ಕಿ, ಯುಗೋಸ್ಲಾವಿಯಗಳಿಂದ ಆಮೆಗಳು ಬುಟ್ಟಿಗಟ್ಟಲೆ ಬರುತ್ತಿದ್ದುವು. ಚಿಪ್ಪಿನ ಅಂಚಿಗೆ ತೂತು ಕೊರೆದು ದಾರ ಕಟ್ಟಿ ತೋಟದಲ್ಲಿ ಮೇಯಲು ಬಿಡುವುದು ವಾಡಿಕೆ. ಇಪ್ಪತ್ತನೆಯ ಶತಮಾನದಲ್ಲಿ ಹೀಗೆ ಬಂದುವು ಲಕ್ಷಗಟ್ಟಲೆ. ಬಹುಪಾಲು ಮೊದಲ ಒಂದೆರಡು ಚಳಿಗಾಲಗಳಲ್ಲಿಯೇ ಸತ್ತುವು. ನಿದ್ರೆಯೆಂದು ಬಗೆದವರು ವಸಂತದಲ್ಲಿ ಪೆಟ್ಟಿಗೆ ತೆರೆದಾಗ ಬರಿಯ ಚಿಪ್ಪಿರುತ್ತಿತ್ತು. 1984ರಲ್ಲಿ ಯೂರೋಪಿನ ದೇಶಗಳು ಆ ವ್ಯಾಪಾರವನ್ನು ನಿಷೇಧಿಸಿದುವು. ಈಗ ಮಾರಬೇಕಾದರೆ ಮನೆಯಲ್ಲಿಯೇ ಹುಟ್ಟಿದ್ದೆಂಬ ಸರಕಾರಿ ಪ್ರಮಾಣಪತ್ರವಿರಬೇಕು. ವೃದ್ಧರ ಒಂದು ಹಳೆಯ ಆಮೆಯ ಚಿಪ್ಪಿನಂಚಿನಲ್ಲಿ ಆ ತೂತು ಈಗಲೂ ಇದೆ. ಹುಡುಗಿ ಅದರೊಳಗೆ ಬೆರಳ ತುದಿಯಿಟ್ಟು ಬಹಳ ಹೊತ್ತು ಸುಮ್ಮನಿದ್ದಳಂತೆ.

ತಿಮ್ಮ ಒಂಟಿಯಲ್ಲವೆ, ಮೈಸೂರಿನಿಂದ ಒಂದು ಜೊತೆ ತರಬಾರದೆ, ಬೆನ್ನ ಮೇಲೆ ನಕ್ಷತ್ರ ಬಿಡಿಸಿದ ಆಮೆ ಅಲ್ಲಿ ಸಿಗುವುದಂತಲ್ಲ ಎಂದು ಅವಳು ಒಮ್ಮೆ ಕೇಳಿದಳು. ಅಜ್ಜನವರು ಎಂದೂ ಇಲ್ಲದ ಕಠಿಣ ಧ್ವನಿಯಲ್ಲಿ ಇಲ್ಲವೆಂದರು. ಕರ್ನಾಟಕ, ಆಂಧ್ರ, ತಮಿಳುನಾಡುಗಳ ಒಣ ಕುರುಚಲು ಕಾಡಿನ ಆ ನಕ್ಷತ್ರದ ಆಮೆಯನ್ನು ಹಿಡಿಯುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಆದರೂ ಅದೃಷ್ಟ ತರುತ್ತದೆಂದೋ ಅಂದವೆಂದೋ ಕೊಳ್ಳುವವರಿದ್ದಾರೆ. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ತುಂಬಿ ವಿಮಾನದಲ್ಲಿ ಸಾಗಿಸುವವರಿದ್ದಾರೆ. 2019ರಲ್ಲಿ ಲೋಕದ ರಾಷ್ಟ್ರಗಳು ಕೂಡಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿಸಿದುವು. "ಅದಕ್ಕೆ ಬೇಕಾದ ಪೆಟ್ಟಿಗೆ ಅಲ್ಲಿಯೇ ಇದೆ, ನಾವು ಮಾಡಬೇಕಾದ್ದಿಲ್ಲ" ಎಂದರು ಅಜ್ಜನವರು. ಅಲ್ಲದೆ ಆಮೆಗೆ ಒಂಟಿತನವೇ ಸುಖ. ಇಬ್ಬರನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರೆ ಒಬ್ಬ ಮತ್ತೊಬ್ಬನನ್ನು ಕಚ್ಚುತ್ತಾನೆ, ಇಲ್ಲವೆ ಬಿಸಿಲಿನ ಕಲ್ಲನ್ನು ಬಿಟ್ಟುಕೊಡುವುದಿಲ್ಲ.

ಅಜ್ಜನವರು ಒಂದು ದಪ್ಪ ನೋಟುಪುಸ್ತಕವನ್ನು ತೆರೆದಿದ್ದರು. ಪ್ರತಿ ಭಾನುವಾರ ತೂಕ, ಉದ್ದ, ಎರಡು ತುದಿಗಳ ಶಾಖ. ಮೊದಲ ಪುಟದಲ್ಲಿ ಹೆಸರು, ಹುಟ್ಟಿದ ತಿಂಗಳು, ಅದರ ಕೆಳಗೆ 'ವಾರಸುದಾರರು' ಎಂಬ ಕಾಲಮ್ಮಿನಲ್ಲಿ ಮೊಮ್ಮಗಳ ಹೆಸರು. ಅದರ ಮುಂದೆ ಇನ್ನೂ ನಾಲ್ಕು ಗೆರೆಗಳನ್ನು ಖಾಲಿಯೆಳೆದು ಬಿಟ್ಟಿದ್ದರು. ಐವತ್ತು ವರ್ಷದ ತರುವಾಯ ತನಗೆ ಐವತ್ತೊಂಬತ್ತಾಗುವುದೆಂದು ಹುಡುಗಿ ಲೆಕ್ಕಹಾಕಿ ನಕ್ಕಳು. "ಆಗ ನಿನಗೆಷ್ಟು, ಅಜ್ಜ?" ಎಂದಳು. ನೂರಾ ಇಪ್ಪತ್ತನಾಲ್ಕು ಎಂದು ಅವರು ಕೂಡಲೇ ಹೇಳಿದರು. ಲೆಕ್ಕದಲ್ಲಿ ಅವರು ಎಂದೂ ತಡಮಾಡಿದವರಲ್ಲ.

ಮಾರ್ಚಿಯಲ್ಲಿ ಅವರು ಊರಿಗೆ ಹೊರಟಾಗ ತಿಮ್ಮ ನಲವತ್ತೊಂದು ಗ್ರಾಂ. ಹೊಸದಾಗಿ ಬೆಳೆದ ಚಿಪ್ಪು ನುಣುಪಾಗಿತ್ತು, ಗೋಪುರದ ಸುಳಿವಿರಲಿಲ್ಲ. ಮೈಸೂರಿನಿಂದ ಪ್ರತಿ ಭಾನುವಾರ ಅವರು ದೂರವಾಣಿಯಲ್ಲಿ ಮೊದಲು ಕೇಳುತ್ತಿದ್ದುದು ಕಲ್ಲಿನ ಮೇಲೆ ಎಷ್ಟು ಡಿಗ್ರಿ ಎಂದು. ಮಗನ ಕ್ಷೇಮ ಅನಂತರ. ಮೇ ತಿಂಗಳ ಒಂದು ಬೆಚ್ಚಗಿನ ದಿನ ತಿಮ್ಮನನ್ನು ಮೊದಲ ಬಾರಿಗೆ ಹಿತ್ತಲಿನ ಹುಲ್ಲಿನ ಮೇಲೆ ಬಿಟ್ಟರು. ಕಾಗೆ, ನರಿಗಳಿಗೆ ಅಂಜಿ ಮೇಲೆ ತಂತಿಯ ಬಲೆ. ಅವನು ಹುಲ್ಲನ್ನು ಮೂಸಿದ, ಒಂದು ಹಳದಿ ಹೂವನ್ನು ಇಡಿಯಾಗಿ ತಿಂದ. ಸಂಜೆ ಬಿಸಿಲು ಇಳಿಯತೊಡಗಿದಾಗ ಹಿತ್ತಲಿನ ಇಟ್ಟಿಗೆಯ ಗೋಡೆಯ ಬಳಿಗೆ ನಡೆದು, ಮುಂಗಾಲನ್ನೂರಿ, ತನ್ನ ಪುಟ್ಟ ಚಿಪ್ಪನ್ನು ಓರೆಮಾಡಿ ಗೋಡೆಗೆ ಆನಿಸಿ ನಿಂತ. ಯಾರೂ ಕಲಿಸಿದ್ದಲ್ಲ. ಹುಡುಗಿ ಅದರ ಚಿತ್ರ ತೆಗೆದು ಆ ಕ್ಷಣವೇ ಮೈಸೂರಿಗೆ ಕಳುಹಿಸಿದಳು. ಅಲ್ಲಿ ಆಗ ರಾತ್ರಿ ಹನ್ನೊಂದು ದಾಟಿತ್ತು. ಎರಡು ನಿಮಿಷದಲ್ಲಿ ಉತ್ತರ ಬಂತು: "ಗೋಡೆ ಯಾವ ದಿಕ್ಕಿಗೆ ಮುಖಮಾಡಿದೆ, ಬರೆದಿಟ್ಟುಕೊ."